ಬಟನ್ ಒತ್ತೋ ಮೊದ್ಲು: ಕಾರಿಗೆ ರಿಮೋಟ್ ಸ್ಟಾರ್ಟರ್ ಬೇಕಾ?

ಏಪ್ರಿಲ್ ಬಂತಂದ್ರ ಸಾಕು, ನಮ್ಮ ವಿಜಯಪುರದಾಗ ಮಧ್ಯಾಹ್ನ ಕಾರಿನ ಬಾಗಿಲು ತೆಗೆಯೋದೂ ಉರಿಯೋ ಒಲಿ ಮುಂದ ಕೂಡೋದೂ ಒಂದೇ. ಪಾರಾ 40 ದಾಟುತ್ತೆ. ಸೀಟು ಸುಡುತ್ತೆ, ಸ್ಟೀರಿಂಗ್ ಮುಟ್ಟಾಕ ಕರವಸ್ತ್ರ ಬೇಕು. ಜಲನಗರದಲ್ಲಿ ಮನೆ ಇರೋ ನಮ್ಮ ಗೆಳೆಯರಲ್ಲಿ ಹಲವರ ಕಾರು ನಿಲ್ಲೋದು ಗೇಟಿನ ಹೊರಗೆ, ರಸ್ತೆ ಬದಿಗೆ, ಬಿಸಿಲಿಗೆ ಮೈಯೊಡ್ಡಿ. ಹಾಗಾಗಿ ಪ್ರತಿ ಬೇಸಿಗೆಗೆ ಒಂದು ಪ್ರಶ್ನೆ ನಮ್ಮ ತನಕ ಬರುತ್ತೆ: "ಹೊರಗ ಅಂಗಡ್ಯಾಗ ರಿಮೋಟ್ ಸ್ಟಾರ್ಟರ್ ಹಾಕಿ ಕೊಡ್ತಾರಂತ. ಮನ್ಯಾಗ ಕುಂತ ಬಟನ್ ಒತ್ತಿದ್ರ ಗಾಡಿ ಚಾಲೂ, ಎಸಿ ಚಾಲೂ. ನೀ ಎಂಜಿನಿಯರಿಂಗ್ ಓದಾಕತ್ತೀಯಲ್ಲ, ಹಾಕಸ್ಲ್ಯೋ ಬ್ಯಾಡೋ, ಹೇಳು."

ಕೇಳೋರು ಅಪ್ಪ, ಕಾಕಾ, ಪಕ್ಕದ ಮನೆಯ ಅಂಕಲ್. ನಮ್ಮ ಮಾತಿಗೆ ಅವರು ಬೆಲೆ ಕೊಡ್ತಾರೆ. ಅದಕ್ಕೇ ಉತ್ತರವನ್ನು ಯೋಚಿಸಿ ಕೊಡಬೇಕು. ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡ್ತೀವಿ. ಮ್ಯಾನುವಲ್ ಗೇರಿನ ಕಾರಿಗೆ ಹೊರಗಿನ ರಿಮೋಟ್ ಸ್ಟಾರ್ಟರ್ ಬೇಡ. ಆಟೋಮ್ಯಾಟಿಕ್ ಕಾರಿಗಾದರೆ, ಕೆಲವು ಷರತ್ತು ಪೂರೈಸಿದರೆ ಮಾತ್ರ. ಕಾರಣ ಒಂದೇ ಸಾಲಿನಲ್ಲಿ ಹೇಳೋದಾದ್ರೆ: ಎಂಜಿನ್ ಸ್ಟಾರ್ಟ್ ಮಾಡೋದು ಸುಲಭದ ಕೆಲಸ, ಯಾವಾಗ ಸ್ಟಾರ್ಟ್ ಆಗಬಾರದು ಅನ್ನೋದನ್ನ ಯಂತ್ರಕ್ಕೆ ತಿಳಿಸೋದು ಕಷ್ಟದ ಕೆಲಸ.

ಚಾವಿ ತಿರುಗಿಸೋ ಮನುಷ್ಯ ಏನೇನು ಮಾಡ್ತಾನೆ?

ನಾವು ದಿನಾ ಕಾರು ಸ್ಟಾರ್ಟ್ ಮಾಡುವಾಗ ಗೊತ್ತಿಲ್ಲದೇ ನಾಲ್ಕೈದು ತಪಾಸಣೆ ಮಾಡಿರ್ತೀವಿ. ಗಾಡಿ ಕಡೆ ನಡೆದು ಹೋಗುವಾಗ ಹಿಂದೆ ಮುಂದೆ ಕಣ್ಣು ಹಾಯ್ತದೆ: ಹುಡುಗರು ಆಡ್ತಿದಾರಾ, ಚಕ್ರದ ಮುಂದೆ ನಾಯಿ ಮಲಗಿದೆಯಾ. ಒಳಗೆ ಕೂತ ಮೇಲೆ ಗೇರ್ ಅಲ್ಲಾಡಿಸಿ ನ್ಯೂಟ್ರಲ್ ಇದೆಯಾ ನೋಡ್ತೀವಿ. ಕ್ಲಚ್ ಒತ್ತುತ್ತೀವಿ. ಬಾನೆಟ್ ತೆರೆದು ಯಾರಾದ್ರೂ ಕೈ ಹಾಕಿದ್ರೆ "ಸರಿ ಅಣ್ಣಾ, ಹೊಡೀತೀನಿ" ಅಂತ ಕೂಗ್ತೀವಿ. ಸ್ಟಾರ್ಟ್ ಆದ ತಕ್ಷಣ ಚಾವಿ ಬಿಡ್ತೀವಿ. ಗಾಡಿ ಒಂಚೂರು ಮುಂದೆ ಹೋದ್ರೂ ಕಾಲು ತಾನೇ ಬ್ರೇಕ್ ಮೇಲೆ ಬೀಳುತ್ತೆ.

ರಿಮೋಟ್ ಬಟನ್ನು ಈ ಮನುಷ್ಯನನ್ನ ಸೀಟಿನಿಂದ ಎಬ್ಬಿಸಿ ಮನೆಯೊಳಗಿನ ಸೋಫಾದ ಮೇಲೆ ಕೂರಿಸುತ್ತೆ. ಅವನು ಮಾಡ್ತಿದ್ದ ತಪಾಸಣೆಗಳನ್ನೆಲ್ಲ ಈಗ ಯಾರು ಮಾಡಬೇಕು? ಒಳ್ಳೆಯ ಕಿಟ್ ಆದರೆ ಅದರಲ್ಲಿರೋ ಸೆನ್ಸರುಗಳು. ಅಗ್ಗದ ಕಿಟ್ ಆದರೆ ಯಾರೂ ಇಲ್ಲ.

ಗೇರಿನಲ್ಲಿ ನಿಂತ ಗಾಡಿ

ನಮ್ಮ ಊರಲ್ಲಿ ಇನ್ನೂ ಹೆಚ್ಚಿನ ಕಾರು ಮ್ಯಾನುವಲ್ಲೇ. ಗಾಡಿ ನಿಲ್ಲಿಸುವಾಗ ಮೊದಲನೇ ಗೇರಿಗೆ ಹಾಕಿ ಇಳಿಯೋದು ನಮ್ಮಲ್ಲಿ ಹಳೇ ರೂಢಿ. ಡ್ರೈವಿಂಗ್ ಕಲಿಸೋರು ಹೇಳಿಕೊಡೋದೂ ಅದೇ. ಅದು ತಪ್ಪಲ್ಲ. ಹ್ಯಾಂಡ್‌ಬ್ರೇಕಿನ ಕೇಬಲ್ ಸಡಿಲಾದ ಹಳೇ ಗಾಡಿಗೆ ಗೇರೇ ಆಸರೆ. ಈಗ ಅದೇ ಗಾಡಿಗೆ ರಿಮೋಟ್ ಸ್ಟಾರ್ಟರ್ ಹಾಕಿದೆವು ಅಂದ್ಕೊಳ್ಳಿ. ಬಟನ್ ಒತ್ತಿದಾಗ ಏನಾಗುತ್ತೆ?

ಲೆಕ್ಕ ಹಾಕೋಣ, ನಾವು ಎಂಜಿನಿಯರಿಂಗ್ ಹುಡುಗರಲ್ವಾ. ಸಣ್ಣ ಪೆಟ್ರೋಲ್ ಕಾರಿನ ಮೊದಲನೇ ಗೇರಿನ ಅನುಪಾತ ಸುಮಾರು 3.5, ಫೈನಲ್ ಡ್ರೈವ್ ಸುಮಾರು 4.1 ಅಂತ ಇಟ್ಕೊಂಡ್ರೆ ಒಟ್ಟು 14ರ ಆಸುಪಾಸು. ಸ್ಟಾರ್ಟರ್ ಮೋಟರ್ ಎಂಜಿನ್ನನ್ನ ನಿಮಿಷಕ್ಕೆ 200 ಸುತ್ತು ತಿರುಗಿಸಿದ್ರೆ ಚಕ್ರ ನಿಮಿಷಕ್ಕೆ 14 ಸುತ್ತು. ಚಕ್ರದ ಸುತ್ತಳತೆ 1.8 ಮೀಟರ್ ಆದರೆ ಗಾಡಿ ಸೆಕೆಂಡಿಗೆ ಸುಮಾರು 0.4 ಮೀಟರ್ ಮುಂದೆ ಹೋಗುತ್ತೆ. ಎರಡು ಸೆಕೆಂಡ್ ಕ್ರ್ಯಾಂಕ್ ಆದರೆ ಮುಕ್ಕಾಲು ಮೀಟರಿಗಿಂತ ಹೆಚ್ಚು. ಅಷ್ಟರಲ್ಲಿ ಎಂಜಿನ್ ಹತ್ತಿಕೊಂಡು ಐಡಲಿಂಗಿಗೆ, ಅಂದರೆ 800 ಸುತ್ತಿಗೆ ಬಂತು ಅನ್ನಿ. ಗಾಡಿ ಗಂಟೆಗೆ 6 ಕಿಲೋಮೀಟರ್ ವೇಗದಲ್ಲಿ ಹೊರಟಿತು. ಒಬ್ಬ ಮನುಷ್ಯ ಚುರುಕಾಗಿ ನಡೆಯೋ ವೇಗ ಅದು. ಒಳಗೆ ಡ್ರೈವರ್ ಇಲ್ಲ.

ಗಟ್ಟಿ ಹ್ಯಾಂಡ್‌ಬ್ರೇಕ್ ಇದ್ದರೆ ಎಂಜಿನ್ ಬಂದ್ ಬೀಳಬಹುದು. ಇಲ್ಲದಿದ್ದರೆ ಬೀಳದೇ ಇರಬಹುದು. ಬೇಸಿಗೆ ರಜೆಯಲ್ಲಿ ಜಲನಗರದ ಓಣಿಗಳಲ್ಲಿ ಸಂಜೆ ಆದ್ರೆ ಹುಡುಗರ ಕ್ರಿಕೆಟ್ಟು. ಬಾಲು ಉರುಳಿ ಹೋಗೋದು ನಿಂತ ಕಾರಿನ ಕೆಳಗೇ. "ಬೀಳಬಹುದು" ಅನ್ನೋ ಮಾತಿನ ಮೇಲೆ ಭರವಸೆ ಇಟ್ಟು ಬಟನ್ ಒತ್ತೋ ಧೈರ್ಯ ನಮಗಿಲ್ಲ.

ಹೊಸ ಕಾರುಗಳಲ್ಲಿ ಇದನ್ನ ತಡೆಯೋಕೆ ಅಂತಲೇ ಕ್ಲಚ್ ಸ್ವಿಚ್ ಇರುತ್ತೆ. ಕ್ಲಚ್ ಪೂರ್ತಿ ಒತ್ತದೇ ಸ್ಟಾರ್ಟರ್ ತಿರುಗೋದಿಲ್ಲ. ಆದರೆ ಸೀಟಿನಲ್ಲಿ ಯಾರೂ ಇಲ್ಲದಿರುವಾಗ ಕ್ಲಚ್ ಒತ್ತೋರು ಯಾರು? ಹಾಗಾಗಿ ಮ್ಯಾನುವಲ್ ಗಾಡಿಗೆ ಕಿಟ್ ಕೂರಿಸೋರು ಆ ಸ್ವಿಚ್ಚನ್ನೇ ಬೈಪಾಸ್ ಮಾಡಬೇಕಾಗುತ್ತೆ. ಕಂಪನಿ ಹಾಕಿದ್ದ ಒಂದೇ ಒಂದು ಬೇಲಿಯನ್ನ ದುಡ್ಡು ಕೊಟ್ಟು ಕಿತ್ತು ಹಾಕಿಸಿದ ಹಾಗಾಯ್ತು.

ನಮ್ಮ ಹಳ್ಳಿ ಕಡೆಯವರಿಗೆ ಇದು ಹೊಸ ಮಾತಲ್ಲ. ತಿಕೋಟಾ, ಬಬಲೇಶ್ವರ ಕಡೆ ದ್ರಾಕ್ಷಿ ತೋಟಗಳಲ್ಲಿ ಟ್ರ್ಯಾಕ್ಟರ್ ಕಂಡೋರಿಗೆ ಗೊತ್ತು. ಚಾವಿ ಸ್ವಿಚ್ ಕೆಟ್ಟಾಗ ಕೆಲವರು ಗಾಡಿ ಪಕ್ಕ ನಿಂತು ಸ್ಟಾರ್ಟರಿನ ಎರಡು ಬೋಲ್ಟಿಗೆ ಸ್ಕ್ರೂಡ್ರೈವರೋ ಪಾನಾವೋ ತಾಗಿಸ್ತಾರೆ. ಕಿಡಿ ಹಾರಿ ಎಂಜಿನ್ ಚಾಲೂ ಆಗುತ್ತೆ. ಟ್ರ್ಯಾಕ್ಟರ್ ಗೇರಿನಲ್ಲಿದ್ದರೆ ದೊಡ್ಡ ಚಕ್ರದ ಮುಂದೆ ನಿಂತವನ ಮೇಲೇ ಹಾಯ್ದು ಹೋಗುತ್ತೆ. ಹೀಗೆ ಜೀವ ಹೋದ ಘಟನೆಗಳು ಪ್ರಪಂಚದ ಎಲ್ಲ ಕಡೆ ಆಗಿವೆ. ಅದಕ್ಕೇ ಎಷ್ಟೋ ಟ್ರ್ಯಾಕ್ಟರ್ ಕಂಪನಿಗಳು ಸ್ಟಾರ್ಟರಿನ ಮೇಲೆ ಮುಚ್ಚಳ ಹಾಕಿ, "ಸೀಟಿನಲ್ಲಿ ಕೂತೇ ಸ್ಟಾರ್ಟ್ ಮಾಡಿ" ಅಂತ ಸ್ಟಿಕರ್ ಅಂಟಿಸ್ತವೆ. ಕ್ಲಚ್ ಸ್ವಿಚ್ ಬೈಪಾಸ್ ಮಾಡಿದ ರಿಮೋಟ್ ಸ್ಟಾರ್ಟರ್ ಅಂದ್ರೆ ಅದೇ ಪಾನಾ, ಈ ಸಲ ರೇಡಿಯೋ ತರಂಗದ ಮೂಲಕ.

ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು. ಮ್ಯಾನುವಲ್ ಗಾಡಿಗೆಂದೇ ಮಾಡಿದ ಒಳ್ಳೆಯ ಕಿಟ್‌ಗಳಲ್ಲಿ ಒಂದು ಕ್ರಮ ಇರುತ್ತೆ. ಎಂಜಿನ್ ಚಾಲೂ ಇರುವಾಗಲೇ ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಇಳಿದು, ಬಾಗಿಲು ಮುಚ್ಚಬೇಕು. ಆಮೇಲೆ ಕಿಟ್ಟೇ ಎಂಜಿನ್ ಆರಿಸುತ್ತೆ. ಎಂಜಿನ್ ಆರಿದಾಗ ಗಾಡಿ ಗೇರಿನಲ್ಲಿರಲಿಲ್ಲ ಅನ್ನೋದು ಹೀಗೆ ಖಾತ್ರಿಯಾಗುತ್ತೆ. ನಡುವೆ ಬಾಗಿಲು ತೆರೆದರೆ ರಿಮೋಟ್ ಸ್ಟಾರ್ಟ್ ರದ್ದು. ತರ್ಕ ಚೆನ್ನಾಗಿದೆ. ಆದರೆ ಅದು ನಿಂತಿರೋದು ಬಾಗಿಲಿನ ಒಂದು ಸಣ್ಣ ಸ್ವಿಚ್ಚಿನ ಮೇಲೆ. ಹತ್ತು ವರ್ಷದ ಹಳೇ ಗಾಡಿಯಲ್ಲಿ ಬಾಗಿಲು ತೆಗೆದ್ರೂ ಒಳಗಿನ ಲೈಟ್ ಹತ್ತಲ್ಲ ಅನ್ನೋದನ್ನ ಎಷ್ಟು ಸಲ ನೋಡಿಲ್ಲ ನಾವು! ಅದೇ ಸ್ವಿಚ್ಚು ಅದು.

ಕಂಪನಿಯವರೇ ಕೊಡೋ ರಿಮೋಟ್ ಸ್ಟಾರ್ಟ್ ಬೇರೆ ಮಾತು. 2019ರಲ್ಲಿ ಹ್ಯುಂಡೈ ವೆನ್ಯೂ ಮೊಬೈಲ್ ಆ್ಯಪ್‌ನಿಂದ ಎಂಜಿನ್ ಚಾಲೂ ಮಾಡೋ ಸೌಲಭ್ಯ ತಂತು. 2020ರಲ್ಲಿ ಕಿಯಾ ಸೋನೆಟ್ ಮ್ಯಾನುವಲ್ ಗಾಡಿಗೂ ಅದನ್ನ ಕೊಟ್ಟಿತು. ಅಲ್ಲಿ ನ್ಯೂಟ್ರಲ್, ಬ್ರೇಕ್, ಬಾಗಿಲು ಎಲ್ಲದರ ಸ್ಥಿತಿ ಕಾರಿನ ಕಂಪ್ಯೂಟರಿಗೆ ಮೊದಲೇ ಗೊತ್ತಿರುತ್ತೆ. ಆ ತಪಾಸಣೆ ಗಾಡಿಯ ವಿನ್ಯಾಸದ ಭಾಗ. ಹೊರಗಿನ ಕಿಟ್ಟು ಅದನ್ನ ಊಹಿಸಬೇಕು.

ಚಾವಿಯ ಕಥೆ, ಬ್ಯಾಟರಿಯ ಲೆಕ್ಕ

ಈಗಿನ ಚಾವಿಯ ಪ್ಲಾಸ್ಟಿಕ್ ತಲೆಯೊಳಗೆ ಒಂದು ಚಿಪ್ ಇರುತ್ತೆ. ಚಾವಿ ಹಾಕಿದಾಗ ಇಗ್ನಿಷನ್ ಸುತ್ತ ಇರೋ ಕಾಯಿಲ್ ಆ ಚಿಪ್ಪನ್ನ ಓದುತ್ತೆ. ಗುರುತು ಸಿಗದಿದ್ರೆ ಎಂಜಿನ್ ಹತ್ತೋದಿಲ್ಲ. ಇದೇ ಇಮೊಬಿಲೈಸರ್. ರಿಮೋಟಿನಿಂದ ಸ್ಟಾರ್ಟ್ ಮಾಡುವಾಗ ಚಾವಿ ನಮ್ಮ ಜೇಬಲ್ಲಿರುತ್ತೆ. ಹಾಗಾದ್ರೆ ಕಾರು ಹೇಗೆ ಒಪ್ಪುತ್ತೆ? ಇದಕ್ಕೊಂದು ಬೈಪಾಸ್ ಬೇಕು. ಎಷ್ಟೋ ಕಡೆ ಮಾಡೋದು ಇಷ್ಟೇ: ಎರಡನೇ ಚಾವಿಯನ್ನೋ ಅದರ ಚಿಪ್ಪನ್ನೋ ಡ್ಯಾಶ್‌ಬೋರ್ಡಿನೊಳಗೆ ಬಚ್ಚಿಡೋದು. ಮನೆಗೆ ಬೀಗ ಹಾಕಿ ಚಾವಿಯನ್ನ ಪಾಪೋಸಿನ ಕೆಳಗೆ ಇಟ್ಟ ಹಾಗೆ. ಕಳ್ಳತನ ಆದರೆ ವಿಮೆ ಕಂಪನಿಯವರು ಮೊದಲು ಕೇಳೋದೇ "ಎರಡೂ ಚಾವಿ ತೋರಿಸಿ" ಅಂತ. ಆಗ ಒಂದು ಚಾವಿ ಕಳುವಾದ ಗಾಡಿಯೊಳಗೇ ಇತ್ತು ಅಂತ ಹೇಳೋಕಾಗುತ್ತಾ?

ವೈರಿಂಗ್ ವಿಷಯಕ್ಕೆ ಬಂದ್ರೆ, ಕಿಟ್ ಕೂರಿಸೋಕೆ ಇಗ್ನಿಷನ್ನಿನ ದಪ್ಪ ವೈರುಗಳನ್ನ ಸುಲಿದು ಜೋಡಿಸಬೇಕು. ಸರಿಯಾಗಿ ಸೋಲ್ಡರ್ ಮಾಡದೇ ಬರೀ ತಿರುಚಿ ಟೇಪ್ ಸುತ್ತಿದ ಜೋಡಣೆ ಆರು ತಿಂಗಳಿಗೆ ಸಡಿಲಾಗುತ್ತೆ. ಸಡಿಲ ಜೋಡಣೆ ಅಂದ್ರೆ ಪ್ರತಿರೋಧ, ಪ್ರತಿರೋಧ ಅಂದ್ರೆ ಶಾಖ. ಮೊದಲನೇ ವರ್ಷದಲ್ಲೇ ಓದಿದ್ದು. ವಾರಂಟಿ ಇರೋ ಗಾಡಿಯಾದ್ರೆ ವೈರ್ ಕತ್ತರಿಸಿದ ದಿನವೇ ವಿದ್ಯುತ್ ಭಾಗದ ವಾರಂಟಿ ಮೇಲೆ ತಕರಾರು ಶುರು.

ಇನ್ನು ಬ್ಯಾಟರಿ. ರಿಮೋಟಿನ ಸಿಗ್ನಲ್‌ಗಾಗಿ ಕಿಟ್ಟು ದಿನದ 24 ಗಂಟೆ ಕಿವಿ ತೆರೆದು ಕೂತಿರುತ್ತೆ. ಅದು 30 ಮಿಲಿಆಂಪಿಯರ್ ಎಳೆಯುತ್ತೆ ಅಂತ ಇಟ್ಕೊಳ್ಳಿ. ದಿನಕ್ಕೆ 0.72 ಆಂಪಿಯರ್-ಅವರ್. ರಜೆಗೆ ಊರಿಗೆ ಹೋಗಿ 30 ದಿನ ಬಿಟ್ಟು ಬಂದ್ರೆ 21.6. ಸಣ್ಣ ಕಾರಿನ 35 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಯ್ತು. ರಿಮೋಟ್ ಒತ್ತಿದ್ರೆ "ಟಿಕ್" ಅನ್ನುತ್ತೆ ಅಷ್ಟೇ. ಆಮೇಲೆ ನಾಲ್ಕು ಮಂದಿ ಸೇರಿ ನೂಕೋದು.

ಓಣಿಯಲ್ಲಿ ನಿಂತ ಗಾಡಿಗೆ ಕಾನೂನು ಏನನ್ನುತ್ತೆ?

1988ರ ಮೋಟಾರು ವಾಹನ ಕಾಯ್ದೆಯ 126ನೇ ಕಲಮು ಸಣ್ಣದು. ಅದು ಹೇಳೋದು ಇಷ್ಟು: ಸಾರ್ವಜನಿಕ ಜಾಗದಲ್ಲಿ ವಾಹನ ನಿಂತಿದ್ದರೆ ಡ್ರೈವರ್ ಸೀಟಿನಲ್ಲಿ ಲೈಸೆನ್ಸ್ ಇರೋ ವ್ಯಕ್ತಿ ಇರಬೇಕು. ಇಲ್ಲವೇ ಎಂಜಿನ್ ನಿಲ್ಲಿಸಿ, ಬ್ರೇಕ್ ಹಾಕಿ ಅಥವಾ ಬೇರೆ ಕ್ರಮ ಕೈಗೊಂಡು, ಡ್ರೈವರ್ ಇಲ್ಲದಾಗ ಗಾಡಿ ಆಕಸ್ಮಿಕವಾಗಿ ಚಲಿಸದಂತೆ ನೋಡಿಕೊಂಡಿರಬೇಕು. ಈ ಮಾತು ಬರೆದಾಗ ನಮ್ಮಲ್ಲಿ ಯಾರೂ ರಿಮೋಟ್ ಸ್ಟಾರ್ಟರ್ ಬಗ್ಗೆ ಯೋಚಿಸಿರಲಿಕ್ಕಿಲ್ಲ. ಆದರೂ ಓದಿ ನೋಡಿದ್ರೆ, ಗೇಟಿನ ಹೊರಗೆ ರಸ್ತೆ ಮೇಲೆ ಯಾರೂ ಇಲ್ಲದ ಗಾಡಿಯನ್ನ ಚಾಲೂ ಮಾಡಿ ಹತ್ತು ನಿಮಿಷ ಬಿಡೋದು ಈ ಕಲಮಿಗೆ ಹೊಂದೋದಿಲ್ಲ. ಸ್ವಂತ ಕಾಂಪೌಂಡ್ ಇದ್ದೋರಿಗೆ ಇದು ಅನ್ವಯಿಸದೇ ಇರಬಹುದು. ಆದರೆ ಬಿಸಿಲಲ್ಲಿ ನಿಂತು ಸುಡ್ತಿರೋದು ಹೊರಗಿನ ಗಾಡಿಗಳೇ. ಅಂದ್ರೆ ಯಾರಿಗೆ ಈ ಸೌಲಭ್ಯ ಹೆಚ್ಚು ಬೇಕೋ ಅವರು ಬಳಸುವಂತಿಲ್ಲ.

ಕಾಂಪೌಂಡ್ ಒಳಗಿದ್ದೋರಿಗೆ ಬೇರೆ ಎಚ್ಚರ. ಮನೆಯ ಕೆಳಗೇ ಶಟರ್ ಹಾಕಿದ ಪಾರ್ಕಿಂಗ್ ಇದ್ದರೆ ಹೊಗೆ ಎಲ್ಲಿಗೆ ಹೋಗುತ್ತೆ? ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟುತ್ತೆ. "ನಮ್ದು ಬಿಎಸ್-6 ಗಾಡಿ, ಹೊಗೀನ ಬರಂಗಿಲ್ಲ" ಅನ್ನಬೇಡಿ. ಕೆಟಲಿಟಿಕ್ ಕನ್ವರ್ಟರ್ ಕೆಲಸ ಶುರು ಮಾಡೋದು 250-300 ಡಿಗ್ರಿಗೆ ಕಾದ ಮೇಲೆ. ಸ್ಟಾರ್ಟ್ ಮಾಡಿದ ಮೊದಲ ನಿಮಿಷಗಳೇ ಅತಿ ಕೆಟ್ಟ ಹೊಗೆಯ ಸಮಯ. ಬಟನ್ ಒತ್ತೋ ಗಾಡಿಗಳನ್ನ ಆರಿಸೋದು ಮರೆತು, ಗ್ಯಾರೇಜಿನ ಹೊಗೆ ಮನೆಯೊಳಗೆ ತುಂಬಿ ಅಮೆರಿಕದಲ್ಲಿ ಹಲವರು ಸತ್ತಿದ್ದಾರೆ.

ಹಾಗಾದ್ರೆ ಬಿಸಿಲಿಗೆ ಏನು ಮಾಡೋಣ?

ರಿಮೋಟ್ ಸ್ಟಾರ್ಟರ್ ಜನಪ್ರಿಯ ಆಗಿದ್ದು ಉತ್ತರ ಅಮೆರಿಕದ ಕೆನಡಾದಂಥ ಚಳಿ ದೇಶದಲ್ಲಿ. ಅಲ್ಲಿ ಗಾಜಿನ ಮೇಲೆ ಹಿಮ ಕಟ್ಟುತ್ತೆ, ಎಂಜಿನ್ನಿನ ಶಾಖದಿಂದ ಅದನ್ನ ಕರಗಿಸಬೇಕು. ಹಾಗೆ ನೋಡಿದ್ರೆ ಅಲ್ಲಿಯ ಹೆಚ್ಚಿನ ಗಾಡಿಗಳು ಆಟೋಮ್ಯಾಟಿಕ್. "ಪಾರ್ಕ್"ನಲ್ಲಿ ನಿಂತ ಆಟೋಮ್ಯಾಟಿಕ್ ಗಾಡಿ ಸ್ಟಾರ್ಟ್ ಆದ್ರೂ ಉರುಳೋದಿಲ್ಲ. ಅವರ ಗಾಡಿಗೆ, ಅವರ ಹವೆಗೆ ಮಾಡಿದ ಸಾಮಾನನ್ನ ನಾವು ನಮ್ಮ ಗಾಡಿಗೆ, ನಮ್ಮ ಬಿಸಿಲಿಗೆ ತಂದು ಹಚ್ತಿದ್ದೀವಿ.

ನಮ್ಮ ಸಮಸ್ಯೆ ಶಾಖ ತೆಗೆಯೋದು. 2018ರಲ್ಲಿ ಅಮೆರಿಕದ ಅರಿಜೋನಾದ ಸಂಶೋಧಕರು ಕಡು ಬೇಸಿಗೆಯಲ್ಲಿ ಕಾರುಗಳನ್ನ ನಿಲ್ಲಿಸಿ ಅಳೆದು ನೋಡಿದ್ರು. ಬಿಸಿಲಿನಲ್ಲಿ ಒಂದು ಗಂಟೆ ನಿಂತ ಕಾರಿನ ಒಳಗಿನ ಗಾಳಿ ಸರಾಸರಿ 47 ಡಿಗ್ರಿ, ಡ್ಯಾಶ್‌ಬೋರ್ಡ್ 69, ಸ್ಟೀರಿಂಗ್ 53. ನೆರಳಲ್ಲಿ ನಿಂತ ಕಾರಿನಲ್ಲಿ ಗಾಳಿ 38ರ ಹತ್ತಿರ, ಡ್ಯಾಶ್‌ಬೋರ್ಡ್ 48. ಬರೀ ನೆರಳಿನಿಂದ ಡ್ಯಾಶ್‌ಬೋರ್ಡಿನಲ್ಲಿ 20 ಡಿಗ್ರಿ ಇಳಿಕೆ! ಒಂದು ಬೇವಿನ ಮರ ಪುಕ್ಕಟೆ ಮಾಡೋ ಕೆಲಸ ಇದು. ಕೋಟಿ ವೃಕ್ಷ ಅಭಿಯಾನ ನಡೆದ ಜಿಲ್ಲೆ ನಮ್ಮದು. ಮನೆ ಮುಂದೆ ಒಂದು ಗಿಡ ಹಚ್ಚಿ ಅನ್ನೋದು ನಮ್ಮ ಮಟ್ಟಿಗೆ ಭಾಷಣದ ಮಾತಲ್ಲ, ಥರ್ಮಲ್ ಎಂಜಿನಿಯರಿಂಗ್.

ಗಿಡ ಬೆಳೆಯೋ ತನಕ? ಮುಂದಿನ ಗಾಜಿಗೆ ಬೆಳ್ಳಿ ಬಣ್ಣದ ಸನ್‌ಶೇಡ್ ಹಾಕಿ, ಸ್ಟೀರಿಂಗ್ ಮೇಲೆ ಒಂದು ಟವೆಲ್ ಹೊದಿಸಿ. ಹತ್ತುವಾಗ ನಾಲ್ಕೂ ಬಾಗಿಲು ಒಂದು ನಿಮಿಷ ತೆಗೆದಿಡಿ. ಹೊರಗೆ 41 ಇದ್ದರೂ ಒಳಗಿನ ಗಾಳಿಗಿಂತ ಅದು ತಂಪೇ. ಗಾಜು ಇಳಿಸಿ ನೂರು ಮೀಟರ್ ಓಡಿಸಿ, ಆಮೇಲೆ ಎಸಿ ಹಾಕಿ, ಗಾಜು ಏರಿಸಿ. ಎಸಿಯ ಕಂಪ್ರೆಸರ್ ಎಂಜಿನ್ನಿನ ಬೆಲ್ಟಿನಿಂದ ತಿರುಗೋ ಗಾಡಿಯಲ್ಲಿ, ನಿಂತಲ್ಲೇ ಐಡಲ್ ಆಗೋದಕ್ಕಿಂತ ಓಡುವಾಗಲೇ ಅದು ಚೆನ್ನಾಗಿ ತಂಪು ಮಾಡುತ್ತೆ. ಎರಡೇ ನಿಮಿಷದ ಕೆಲಸ ಇದು, ವೈರ್ ಕತ್ತರಿಸೋ ಗೋಜಿಲ್ಲ.

ಪೆಟ್ರೋಲೂ ಉಳಿಯುತ್ತೆ. ಎಸಿ ಹಾಕಿ ನಿಂತ ಸಣ್ಣ ಕಾರು ಗಂಟೆಗೆ ಒಂದು ಲೀಟರ್ ಕುಡಿಯುತ್ತೆ ಅಂದ್ಕೊಂಡ್ರೆ, ದಿನಕ್ಕೆ 10 ನಿಮಿಷದಂತೆ 60 ದಿನಕ್ಕೆ 10 ಲೀಟರ್. ಲೀಟರಿಗೆ 2.3 ಕೆಜಿಯಂತೆ 23 ಕೆಜಿ ಕಾರ್ಬನ್ ಡೈಆಕ್ಸೈಡ್, ಗಾಡಿ ಒಂದು ಅಡಿಯೂ ಚಲಿಸದೇ.

ಎಲ್ಲರಿಗೂ ಇದು ಸಾಕಾಗಲ್ಲ ಅನ್ನೋದೂ ನಮಗೆ ಗೊತ್ತು. ಮನೆಯಲ್ಲಿ ವಯಸ್ಸಾದ ಅಜ್ಜಿಯನ್ನ ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಕರ್ಕೊಂಡು ಹೋಗೋರಿದ್ದಾರೆ. ಅಂಥವರಿಗೆ ತಂಪು ಕಾರು ಷೋಕಿ ಅಲ್ಲ. ಅವರಿಗೆ ನಾವು ಹೇಳೋದು: ಒಬ್ಬರು ಐದು ನಿಮಿಷ ಮೊದಲು ಹೋಗಿ ಗಾಡಿಯಲ್ಲಿ ಕೂತು ಎಸಿ ಹಾಕಲಿ. ಅದೂ ಆಗದಿದ್ರೆ, ಗಾಡಿ ಆಟೋಮ್ಯಾಟಿಕ್ ಆಗಿದ್ರೆ, ಸ್ವಂತ ಕಾಂಪೌಂಡಿನಲ್ಲಿ ಬಯಲಿಗೆ ನಿಲ್ಲೋದಾದ್ರೆ, ಕಿಟ್ ಬಗ್ಗೆ ಯೋಚಿಸಬಹುದು. ಆಗ ಅಂಗಡಿಯವರಿಗೆ ಈ ಪ್ರಶ್ನೆ ಕೇಳಿ. "ಪಾರ್ಕ್" ಬಿಟ್ಟು ಬೇರೆ ಸ್ಥಾನದಲ್ಲಿದ್ರೆ ಸ್ಟಾರ್ಟ್ ಆಗುತ್ತಾ? ಬಾನೆಟ್ ತೆರೆದಾಗ ತಡೆಯೋ ಸ್ವಿಚ್ ಇದೆಯಾ? ಬ್ರೇಕ್ ಒತ್ತಿದ್ರೆ ಎಂಜಿನ್ ಆರುತ್ತಾ? ಹತ್ತು ಹದಿನೈದು ನಿಮಿಷಕ್ಕೆ ತಾನೇ ಆಫ್ ಆಗುತ್ತಾ? ಇಮೊಬಿಲೈಸರಿಗೆ ಏನು ಮಾಡ್ತೀರಿ? ಬಿಲ್ ಮೇಲೆ ಇದನ್ನೆಲ್ಲ ಬರೆದು ಕೊಡ್ತೀರಾ? ಒಂದಕ್ಕೆ "ಏನೂ ಆಗಂಗಿಲ್ಲ ಬಿಡ್ರಿ" ಅನ್ನೋ ಉತ್ತರ ಬಂದ್ರೂ ಗಾಡಿ ತಿರುಗಿಸಿಕೊಂಡು ಬನ್ನಿ.

ಕೊನೆಗೆ, ನಮ್ಮ ಲ್ಯಾಬಿನ ಮಾತು

ಇಷ್ಟೆಲ್ಲ ಬರೆಯೋಕೆ ಇನ್ನೊಂದು ಕಾರಣ ಇದೆ. "ಮೊಬೈಲಿನಿಂದ ಕಾರ್ ಸ್ಟಾರ್ಟ್" ಅನ್ನೋದು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಮಿನಿ ಪ್ರಾಜೆಕ್ಟಿನ ಕಾಯಂ ವಿಷಯ. ಆರ್ಡುಯಿನೋ, ಒಂದು ಬ್ಲೂಟೂತ್ ಮಾಡ್ಯೂಲ್, ಒಂದು ನೀಲಿ ರಿಲೇ. ಟೇಬಲ್ ಮೇಲೆ ಸಣ್ಣ ಮೋಟರ್ ತಿರುಗುತ್ತೆ, ಎಲ್ಲರೂ ಚಪ್ಪಾಳೆ ಹೊಡೀತಾರೆ. ಅಲ್ಲಿಗೇ ಬಿಟ್ರೆ ತೊಂದರೆ ಇಲ್ಲ. ಅದನ್ನೇ ಮನೆಯ ಕಾರಿಗೆ ಹಚ್ಚೋ ಉಮೇದು ಬಂದಾಗ ತೊಂದರೆ.

ಯೋಚಿಸಿ. ಕ್ರ್ಯಾಂಕ್ ಮಾಡುವಾಗ 12 ವೋಲ್ಟಿನ ಬ್ಯಾಟರಿ 9-10 ವೋಲ್ಟಿಗೆ ಕುಸಿಯುತ್ತೆ. ನಿಮ್ಮ ಬೋರ್ಡು ನಡುವೆಯೇ ರೀಸೆಟ್ ಆದ್ರೆ? ರೀಸೆಟ್ ಆಗುವಾಗ ಪಿನ್ನು ಅತ್ತ ಇತ್ತ ತೇಲಿದ್ರೆ ರಿಲೇ ಏನು ಮಾಡುತ್ತೆ? 10 ಆಂಪಿಯರ್ ಅಂತ ಬರೆದಿರೋ ರಿಲೇ ಮೇಲೆ ಅದಕ್ಕಿಂತ ಹೆಚ್ಚು ಕರೆಂಟ್ ಹರಿದು ಒಳಗಿನ ಕಾಂಟ್ಯಾಕ್ಟ್ ಬೆಸುಗೆ ಹತ್ತಿಕೊಂಡ್ರೆ? ಕೋಡ್ "ಆಫ್" ಅನ್ನುತ್ತೆ, ಸ್ಟಾರ್ಟರ್ ತಿರುಗ್ತಾನೇ ಇರುತ್ತೆ. ಗಾಡಿ ಗೇರಿನಲ್ಲಿದ್ರೆ ಹೋಗ್ತಾನೇ ಇರುತ್ತೆ.

ಹಾಗಂತ ಆ ಪ್ರಾಜೆಕ್ಟ್ ಮಾಡಬೇಡಿ ಅಂತ ನಾವು ಹೇಳಲ್ಲ, ತಿರುಗಿಸಿ ಮಾಡಿ ಅಂತೀವಿ. ಸ್ಟಾರ್ಟ್ ಆಗದಿರೋ ಹಾಗೆ ಮಾಡಿ ತೋರಿಸಿ. ನ್ಯೂಟ್ರಲ್ ಸ್ವಿಚ್ಚಿನ ವೈರ್ ಕಿತ್ತರೆ ನಿಮ್ಮ ಸಿಸ್ಟಮ್ "ಇಲ್ಲ" ಅನ್ನಬೇಕು. ಬಾಗಿಲಿನ ಸ್ವಿಚ್ ಕೆಟ್ಟಿದ್ರೆ "ಇಲ್ಲ". ವೋಲ್ಟೇಜ್ ಕುಸಿದ್ರೆ "ಇಲ್ಲ". ರಿಲೇ ಅಂಟಿಕೊಂಡ್ರೆ ಎರಡನೇ ರಿಲೇ ಕರೆಂಟ್ ಕಡಿಬೇಕು. ಗೈಡ್ ಮುಂದೆ ಹತ್ತು ರೀತಿಯ ಕೆಡುಕು ತಂದು ತೋರಿಸಿ, ಹತ್ತರಲ್ಲೂ ಮೋಟರ್ ತಿರುಗದೇ ನಿಲ್ಲಲಿ. ನಮ್ಮ ಕ್ಲಬ್ಬಿನ ಚಪ್ಪಾಳೆ ಆ ಪ್ರಾಜೆಕ್ಟಿಗೆ.

ಮನೆಯಲ್ಲಿ ಅಪ್ಪ ಕೇಳಿದ್ರೆ ಅಷ್ಟೆಲ್ಲ ಹೇಳೋದು ಬೇಡ. "ಅಪ್ಪಾಜಿ, ನಮ್ಮ ಗಾಡಿ ಗೇರಿನ್ಯಾಗ ನಿಂತಿರತೈತಿ. ಓಣ್ಯಾಗ ಹುಡುಗ್ರು ಆಡ್ತಿರ್ತಾರ. ಬ್ಯಾಡ" ಅನ್ನಿ. ಆ ದುಡ್ಡಿನಲ್ಲಿ ಹ್ಯಾಂಡ್‌ಬ್ರೇಕಿನ ಕೇಬಲ್ ಬಿಗಿ ಮಾಡಿಸಿ, ಒಂದು ಸನ್‌ಶೇಡ್ ತನ್ನಿ. ಉಳಿದ ದುಡ್ಡಿಗೆ ಗೇಟಿನ ಮುಂದೆ ಒಂದು ಬೇವಿನ ಸಸಿ, ಅದಕ್ಕೊಂದು ಮುಳ್ಳಿನ ಬೇಲಿ.